ಕೀಲುಕುದುರೆ ಏರಿ ಬಂದ ಹಾಡು

ಹಾಡುಗಾರ ಹೇಗಿರಬೇಕು? ಮೈಕಿನ ಮುಂದೆ ನೆಟ್ಟಗೆ ನಿಂತು, ಕಣ್ಣು ಮುಚ್ಚಿ ಹಾಡಬೇಕು ಎನ್ನುವುದು ಹಿರಿಯರ ಎಣಿಕೆ. ಬೆಂಗಳೂರಿನ ‘ಸ್ವರಾತ್ಮ’ ತಂಡದ ವಾಸು ದೀಕ್ಷಿತ್ ಈ ಎಣಿಕೆಗೆ ಸಿಕ್ಕುವವರಲ್ಲ. ಬಣ್ಣಬಣ್ಣದ ಉಡುಪು ತೊಟ್ಟು, ಸೊಂಟಕ್ಕೆ ಬೊಂಬೆ ಕುದುರೆ ಕಟ್ಟಿಕೊಂಡು ವೇದಿಕೆಯ ಮೇಲೆ ಕುಣಿದವರು ಅವರು. ಹಿಂದೆ ಗಿಟಾರು, ಡ್ರಮ್ಸ್, ಪಿಟೀಲಿನ ಅಬ್ಬರ. ‘ಇದು ಹಾಡೋ, ವೇಷವೋ?’ ಎಂದು ಮನೆಯ ಯಜಮಾನರು ಹುಬ್ಬು ಗಂಟಿಕ್ಕಿದರೆ ಆಶ್ಚರ್ಯವಿಲ್ಲ.

ಆದರೆ ಮೂಡಿಗೆರೆ, ಕಳಸದ ಕಡೆಯವರಿಗೆ ಇದು ಅಷ್ಟೇನೂ ವಿಚಿತ್ರವಲ್ಲ. ಜಾತ್ರೆಯ ಕೀಲುಕುದುರೆ, ಯಕ್ಷಗಾನದ ಬಯಲಾಟ ಎರಡೂ ಗೊತ್ತಿದ್ದದ್ದೇ. ಕಿರೀಟ, ಬಣ್ಣ, ಕುಣಿತ ಜನರನ್ನು ಹತ್ತಿರ ಕರೆಯುತ್ತವೆ. ಪ್ರಸಂಗ ಅವರನ್ನು ಬೆಳಗಿನ ತನಕ ಕೂರಿಸುತ್ತದೆ. ಸ್ವರಾತ್ಮದ ಉಪಾಯವೂ ಅದೇ. ವೇಷ ನೋಡಲು ಬಂದವರ ಕಿವಿಗೆ ಮಾತು ಬೀಳುತ್ತದೆ.

ಎಂಥ ಮಾತು? 2009ರಲ್ಲಿ ಬಂದ ಮೊದಲ ಆಲ್ಬಮ್ಮಿನಲ್ಲಿ ‘ಪ್ಯಾಸಿ’ ಎಂಬ ಹಿಂದಿ ಹಾಡಿದೆ. ಪ್ಯಾಸಿ ಎಂದರೆ ಬಾಯಾರಿದವಳು. ವಿಷಯ ಕಾವೇರಿ ವಿವಾದ. ಕರ್ನಾಟಕದ ವಾದ, ತಮಿಳುನಾಡಿನ ವಾದ ಎರಡೂ ಎಲ್ಲರ ಕಿವಿಗೂ ಬಿದ್ದಿವೆ. ಈ ಹಾಡು ಎರಡನ್ನೂ ಬಿಟ್ಟು ನದಿಯ ಪಕ್ಕ ನಿಲ್ಲುತ್ತದೆ. ನೀರು ಕೊಡುವವಳ ಬಾಯಾರಿಕೆ ಕೇಳಿದವರು ಯಾರು?

2012ರ ‘ಟೋಪಿವಾಲೆ’ ಆಲ್ಬಮ್ಮಿನಲ್ಲಿ ಜನರಿಗೆ ಟೋಪಿ ಹಾಕುವ ರಾಜಕಾರಣಿಯ ಗೇಲಿಯಿದೆ. ಅದೇ ಆಲ್ಬಮ್ಮಿನ ‘ಘುಮ್’ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕುರಿತದ್ದು. ಎಷ್ಟೋ ಮನೆಗಳಲ್ಲಿ ದೊಡ್ಡವರೇ ಬಾಯಿಬಿಡಲು ಅಂಜುವ ವಿಷಯವನ್ನು, ಬಣ್ಣದ ಬಟ್ಟೆ ತೊಟ್ಟ ಈ ಹುಡುಗರು ಸಭೆಯ ನಡುವೆ ಎತ್ತಿದರು. ವೇಷ ತಮಾಷೆಯದಾದರೂ ಹಾಡು ತಮಾಷೆಯದಲ್ಲ.

ಕಾವೇರಿ ಎಲ್ಲೋ ದೂರದ ನದಿ ಎಂದು ಕಾಫಿ ಸೀಮೆಯ ವಿದ್ಯಾರ್ಥಿಗಳು ತಿಳಿಯಬೇಕಿಲ್ಲ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ. ಹಾಸನ ಜಿಲ್ಲೆಯನ್ನು ಹಾದು, ಗೊರೂರಿನ ಅಣೆಕಟ್ಟೆ ದಾಟಿ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಅವಳು ಕಾವೇರಿಯನ್ನು ಸೇರುತ್ತಾಳೆ. ಆ ದೊಡ್ಡ ಜಗಳದ ನೀರಿನಲ್ಲಿ ಮೂಡಿಗೆರೆಯ ತೋಟಗಳ ಮೇಲೆ ಸುರಿದ ಮಳೆಯೂ ಇದೆ. ಕಳಸದವರ ಪಾಲಿಗೆ ಭದ್ರೆ ಇದ್ದಾಳೆ.

ಹಾಡು ಕಟ್ಟಬೇಕೆಂಬ ಆಸೆಯುಳ್ಳ ಹುಡುಗ ಹುಡುಗಿಯರು ಸ್ವರಾತ್ಮದಿಂದ ಕಲಿಯಬೇಕಾದದ್ದು ಕುದುರೆ ಕಟ್ಟುವುದನ್ನಲ್ಲ. ಯಾರ ಮಾತನ್ನು ಇದುವರೆಗೆ ಯಾರೂ ಕೇಳಿಲ್ಲವೋ ಅವರ ಪಕ್ಕ ಹೋಗಿ ನಿಲ್ಲುವುದನ್ನು. ಹೇಮಾವತಿ ಮಾತಾಡಿದರೆ ಏನು ಹೇಳಿಯಾಳು? ದಿನವಿಡೀ ಕಾಫಿಹಣ್ಣು ಕೊಯ್ದು, ಸಂಜೆ ತಕ್ಕಡಿಯ ಮುಂದೆ ಚೀಲ ಹಿಡಿದು ನಿಂತ ಹೆಂಗಸು ಏನು ಹೇಳಿಯಾಳು? ಇದಕ್ಕೆ ಗಿಟಾರು ಬೇಕಿಲ್ಲ. ನೋಟುಪುಸ್ತಕದ ಕೊನೆಯ ಪುಟ ಸಾಕು.

ಪರೀಕ್ಷೆ ಹತ್ತಿರ ಬಂದಾಗ ಆ ಪುಟ ತಂದೆತಾಯಿಯರ ಕಣ್ಣಿಗೆ ಬಿದ್ದೇ ಬೀಳುತ್ತದೆ. ‘ಓದುವುದು ಬಿಟ್ಟು ಇದೇನು?’ ಎಂದು ಗದರುವ ಮುನ್ನ, ಒಮ್ಮೆ ಗಟ್ಟಿಯಾಗಿ ಓದಿ ಹೇಳು ಎನ್ನಲಿ. ಮನೆಯಲ್ಲಿ ಇಷ್ಟು ದಿನ ಯಾರೂ ಆಡದ ಮಾತೊಂದು ಅಲ್ಲಿ ಇದ್ದರೂ ಇದ್ದೀತು.