ಪುಕ್ಕಟೆ ಟೊಮೇಟೊ

"ನಿಮಗೇನ್ರೀ, ಮನೇಲೇ ಬೆಳೀತೀರಿ. ಎಲ್ಲಾ ಪುಕ್ಕಟೆ!"

ಮಾರ್ಚ್ ತಿಂಗಳ ಕೊನೆಯ ವಾರದಿಂದ ಏಪ್ರಿಲ್ ಮುಗಿಯುವವರೆಗೆ ಈ ಮಾತನ್ನು ನಾನು ದಿನಕ್ಕೊಮ್ಮೆಯಾದರೂ ಕೇಳುತ್ತೇನೆ. ಹಾಲಿನ ಬೂತಿನ ಹತ್ತಿರ, ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವಾಗ, ಮದುವೆಮನೆಯ ಪಂಕ್ತಿಯಲ್ಲಿ ಸಾರು ಬಡಿಸಿಕೊಳ್ಳುವಾಗ. ಮೊದಮೊದಲು ನಾನೂ ಹಲ್ಲು ಕಿರಿದು ಸುಮ್ಮನಾಗುತ್ತಿದ್ದೆ. ಈಗ ಸುಮ್ಮನಿರುವುದಿಲ್ಲ. ಮನೆಯಲ್ಲಿ ಬೆಳೆದದ್ದು ಪುಕ್ಕಟೆ ಎಂಬುದು ಶುದ್ಧ ಸುಳ್ಳು. ಆ ಸುಳ್ಳಿನ ಬೆಲೆಯನ್ನು ತೆರುತ್ತಿರುವವಳು ಒಲೆಯ ಮುಂದೆ ನಿಂತಿರುವ ಹೆಂಗಸು. ಇದನ್ನು ಹೇಳಿದ್ದಕ್ಕೆ ನನ್ನನ್ನು ಸೋಮಾರಿ ಎಂದವರಿದ್ದಾರೆ, ಅನ್ನಕ್ಕೆ ಬೆಲೆ ಕೊಡದವಳು ಎಂದವರಿದ್ದಾರೆ. ಅವರಿಗೂ ಸೇರಿಸಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ತುಮಕೂರು. ಮನೆಯ ಹಿಂದೆ ಒಂದಿಷ್ಟು ಹಿತ್ತಿಲಿದೆ. ನಮ್ಮವರು ನಿವೃತ್ತರಾದ ವರ್ಷ ಅಲ್ಲಿಗೆ ಇಳಿದರು. ಡಿಸೆಂಬರಿನಲ್ಲಿ ನರ್ಸರಿಯಿಂದ ಹೈಬ್ರಿಡ್ ಟೊಮೇಟೊ ಸಸಿ 24 ತಂದು ಸಾಲಾಗಿ ನೆಟ್ಟರು, ಕೋಲು ಕೊಟ್ಟರು, ಸಗಣಿ ಗೊಬ್ಬರ ಹಾಕಿದರು. ಹೂ ಬಿಟ್ಟಾಗ ಬಂದವರನ್ನೆಲ್ಲ ಹಿತ್ತಿಲಿಗೆ ಕರೆದುಕೊಂಡು ಹೋಗಿ, "ನಮ್ಮ ತೋಟ ನೋಡಿ" ಎಂದರು. ಅವರ ಸಂತೋಷ ಕಂಡು ನನಗೂ ಸಂತೋಷವೇ ಆಯಿತು. ಸುಳ್ಳೇಕೆ ಹೇಳಲಿ.

ಮಾರ್ಚ್ ಮಧ್ಯದಲ್ಲಿ ಮೊದಲ ಬುಟ್ಟಿ ಬಂತು. ಸಾರು, ಗೊಜ್ಜು, ಟೊಮೇಟೊ ಬಾತು. ಅಂಗಡಿಯ ಹಣ್ಣಿಗಿಲ್ಲದ ಒಂದು ಹುಳಿ, ಒಂದು ಘಮ. ಎರಡನೆಯ ಬುಟ್ಟಿಯನ್ನು ಬೀದಿಗೆಲ್ಲ ಹಂಚಿದೆವು. ಮೂರನೆಯ ಬುಟ್ಟಿ ಹಿಡಿದು ಪಕ್ಕದ ಮನೆಗೆ ಹೋದಾಗ ಆಕೆ, "ಅಯ್ಯೋ, ನಮ್ಮ ಟೆರೇಸಿನ ಮೇಲೂ ಬಿಟ್ಟಿವೆ, ನೀವೇ ಸ್ವಲ್ಪ ತಗೊಂಡು ಹೋಗಿ" ಎಂದು ನನ್ನ ಬುಟ್ಟಿಯನ್ನೇ ತುಂಬಿಸಿ ಕಳಿಸಿದರು! ಆಮೇಲೆ ದಿನ ಬಿಟ್ಟು ದಿನ ಬುಟ್ಟಿ ಬರತೊಡಗಿತು. ಒಂದು ಶನಿವಾರ ತೂಕ ಹಾಕಿದರೆ 11 ಕಿಲೋ.

ಬುಟ್ಟಿ ಬರುವ ರೀತಿಯನ್ನು ಸ್ವಲ್ಪ ಗಮನಿಸಬೇಕು. ನಮ್ಮವರು ಬೆಳಗಿನ ತಂಪಿನಲ್ಲಿ ಕೊಯ್ಯುತ್ತಾರೆ, ಅಡುಗೆಮನೆ ಕಟ್ಟೆಯ ಮೇಲೆ ಇಡುತ್ತಾರೆ, ಕೈ ತೊಳೆಯುತ್ತಾರೆ, "ತಗೋಳೇ, ಏನಾದ್ರೂ ಮಾಡು" ಎಂದು ಪೇಪರ್ ಬಿಚ್ಚುತ್ತಾರೆ. ತೋಟಗಾರಿಕೆ ಅಲ್ಲಿಗೆ ಮುಗಿಯಿತು. ಆ 'ಏನಾದ್ರೂ' ಎಂಬ ಶಬ್ದದೊಳಗೆ ನನ್ನ ಇಡೀ ಹಗಲು ಅಡಗಿದೆ.

ತೊಕ್ಕು ಮಾಡುವುದೆಂದರೆ ಏನೆಂದು ಮಾಡಿದವರಿಗೆ ಹೇಳಬೇಕಾಗಿಲ್ಲ. ಹಣ್ಣು ತೊಳೆದು, ಒರೆಸಿ, ಬಿಸಿನೀರಿಗೆ ಹಾಕಿ ಸಿಪ್ಪೆ ಸುಲಿದು, ಹೆಚ್ಚಿ, ದಪ್ಪ ತಳದ ಪಾತ್ರೆಗೆ ಏರಿಸಬೇಕು. ಕಲಾಯಿ ಇಲ್ಲದ ಹಿತ್ತಾಳೆ ಆಗದು, ಹುಳಿ ತಾಗಿ ಕಿಲುಬು ಬಿಡುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಕಪ್ಪಾಗುತ್ತದೆ. ಟೊಮೇಟೊ ಹಣ್ಣಿನಲ್ಲಿ ನೂರಕ್ಕೆ 94 ಪಾಲು ನೀರು. ಅಂದರೆ 5 ಕಿಲೋ ಹಣ್ಣು ಒಲೆಯ ಮೇಲಿಟ್ಟು ನಾವು ಮಾಡುವ ಕೆಲಸ ಮುಖ್ಯವಾಗಿ ನೀರನ್ನು ಆವಿ ಮಾಡಿ ಹೊರಗೆ ಕಳಿಸುವುದು. ಅದು ಹೋಗುವುದೆಲ್ಲಿಗೆ? ಏಪ್ರಿಲ್ ತಿಂಗಳ ಅಡುಗೆಮನೆಗೆ, ನಮ್ಮ ಮುಖಕ್ಕೆ. ಗಟ್ಟಿಯಾಗುತ್ತಾ ಬಂದಂತೆ ಅದು ಕೊತಕೊತನೆ ಹಾರತೊಡಗುತ್ತದೆ. ಮುಚ್ಚಳ ಮುಚ್ಚಿದರೆ ನೀರು ಇಂಗುವುದಿಲ್ಲ, ಮುಚ್ಚದಿದ್ದರೆ ಮೊಣಕೈವರೆಗೆ ಚುಕ್ಕೆ ಚುಕ್ಕೆ ಸುಡುತ್ತದೆ. ಕೈ ನಿಲ್ಲಿಸಿದರೆ ತಳ ಹಿಡಿಯುತ್ತದೆ.

ನನ್ನ ಅಮ್ಮನ ಬಲಗೈಯ ಮೇಲೆ ಸಾಸಿವೆ ಎರಚಿದಂತೆ ಕಂದು ಚುಕ್ಕೆಗಳಿದ್ದವು. ಹುಟ್ಟುಮಚ್ಚೆ ಎಂದುಕೊಂಡಿದ್ದೆ. ನನ್ನ ಕೈಯಲ್ಲೂ ಅವು ಮೂಡಿದಾಗಲೇ ಗೊತ್ತಾದದ್ದು. ಅಮ್ಮ ಅದನ್ನು ಎಂದೂ ಹೇಳಿಕೊಳ್ಳಲಿಲ್ಲ. "ಇಷ್ಟು ತೊಕ್ಕು ಪುಕ್ಕಟೆ ಆಯ್ತು ನೋಡು" ಎಂದು ಆಕೆಯೂ ಹೇಳುತ್ತಿದ್ದಳು. ಅದೇ ನನಗೆ ಈಗ ಹೊಟ್ಟೆ ಉರಿಯುವ ವಿಷಯ.

ಒಂದು ವರ್ಷ ಹಟ ಹಿಡಿದು ಲೆಕ್ಕ ಬರೆದಿಟ್ಟೆ. ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ. 5 ಕಿಲೋ ಹಣ್ಣಿಗೆ ತೊಳೆದು ಹೆಚ್ಚುವ ಹೊತ್ತು ಒಂದು ತಾಸು, ಒಲೆಯ ಮುಂದೆ ಎರಡೂವರೆ ತಾಸು, ಜಾಡಿ ಕುದಿಸಿ ಒಣಗಿಸಿ ತುಂಬುವುದು ಅರ್ಧ ತಾಸು. ಎಣ್ಣೆ, ಮೆಂತ್ಯ, ಇಂಗು, ಖಾರದ ಪುಡಿ ಬೇರೆ. ಗ್ಯಾಸು ಬೇರೆ. ಸಿಕ್ಕಿದ್ದು ಒಂದೂಕಾಲು ಕಿಲೋ ತೊಕ್ಕು. ನಮ್ಮ ಬೀದಿಗೆ ಬರುವ ಅಡುಗೆಯಾಕೆ ತಾಸಿಗೆ ತೆಗೆದುಕೊಳ್ಳುವ ದುಡ್ಡಿನ ಪ್ರಕಾರ ನನ್ನ ನಾಲ್ಕು ತಾಸನ್ನು ಕೂಡಿಸಿ ನೋಡಿದೆ. ಅಂಗಡಿಯ ತೊಕ್ಕಿನ ಬಾಟಲಿಗಿಂತ ದುಬಾರಿ! ನಮ್ಮವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ನಿನ್ನ ಟೈಮನ್ನೂ ಸೇರಿಸಿದ್ದೀಯಲ್ಲೇ!" ಎಂದರು. ಲೆಕ್ಕದಲ್ಲಿ ತಪ್ಪು ಸಿಕ್ಕಿದ ಆಡಿಟರನ ದನಿಯಲ್ಲಿ.

ನಮ್ಮವರನ್ನು ಮಾತ್ರ ದೂರಿ ಏನು ಫಲ? ಸರ್ಕಾರದ ಲೆಕ್ಕವೂ ಹೀಗೇ ಇದೆ. ಮನೆಗೆಲಸ ಮಾಡಿಕೊಂಡಿರುವವಳು ನಮ್ಮ ಜನಗಣತಿಯಲ್ಲಿ 'ಕೆಲಸ ಮಾಡದವರ' ಪಟ್ಟಿಗೆ ಸೇರುತ್ತಾಳೆ. 2001ರ ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರು, ಕೈದಿಗಳು ಮುಂತಾದವರ ಜೊತೆಯಲ್ಲಿ ಒಂದೇ ಗುಂಪಿಗೆ ಹಾಕಿದ್ದನ್ನು ಸುಪ್ರೀಂ ಕೋರ್ಟೇ 2010ರಲ್ಲಿ ಕಟುವಾಗಿ ಟೀಕಿಸಿತು. ರಸ್ತೆ ಅಪಘಾತದಲ್ಲಿ ತೀರಿಕೊಂಡ ಗೃಹಿಣಿಯೊಬ್ಬಳಿಗೆ ಎಷ್ಟು ಪರಿಹಾರ ಎಂಬ ಮೊಕದ್ದಮೆ ಅದು. ಆಗಿನ ಮೋಟಾರು ವಾಹನ ಕಾಯ್ದೆಯ ಅನುಸೂಚಿಯ ಪ್ರಕಾರ ಸಂಪಾದನೆ ಇಲ್ಲದ ಹೆಂಡತಿಯ ಬೆಲೆ ಗಂಡನ ಆದಾಯದ ಮೂರನೇ ಒಂದು ಪಾಲು. ನೋಡಿ, ಬದುಕಿರುವಾಗ ಸೊನ್ನೆ, ಲಾರಿ ಹಾಯ್ದ ಮೇಲೆ ಮೂರರಲ್ಲೊಂದು!

2019ರಲ್ಲಿ ಕೇಂದ್ರ ಸರ್ಕಾರದವರು ದೇಶದಲ್ಲಿ ಯಾರು ಯಾವುದಕ್ಕೆ ಎಷ್ಟು ಹೊತ್ತು ಕಳೆಯುತ್ತಾರೆಂದು ಸಮೀಕ್ಷೆ ಮಾಡಿದರು. ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ಮಾಡಿದರು. ಹೆಂಗಸರದು 289ಕ್ಕೆ ಇಳಿದಿತ್ತು. ಮಿಕ್ಸಿ, ಕುಕ್ಕರು, ನಲ್ಲಿ ನೀರು ಬಂದು ಇಳಿದಿರಬಹುದೆಂದು ನನ್ನ ಊಹೆ. ಏಕೆಂದರೆ ಗಂಡಸರು ಕೈ ಹಾಕಿ ಇಳಿದದ್ದಂತೂ ಅಲ್ಲ, ಅವರದೂ 88ಕ್ಕೆ ಇಳಿದಿತ್ತು.

"ನಮ್ಮ ಹಿರಿಯ ಹೆಂಗಸರು ಮಾಡ್ತಿರಲಿಲ್ವಾ?" ಇದು ಮುಂದಿನ ಬಾಣ. ಮಾಡುತ್ತಿದ್ದರು. ಮಾವಿನಕಾಯಿ, ನಿಂಬೆ, ಹೇರಳೆಕಾಯಿ. ಹೆಚ್ಚಲು ಕೂತರೆ ಅತ್ತೆ, ಓರಗಿತ್ತಿಯರು, ನಾದಿನಿ, ಬಾಣಂತನಕ್ಕೆ ಬಂದ ಅಕ್ಕ ಎಂದು ಎಂಟು ಜನ ಕೂರುತ್ತಿದ್ದರು. ಹರಟೆಗೆ ಹರಟೆ, ಕೆಲಸಕ್ಕೆ ಕೆಲಸ. ಈಗ ಆ ಎಂಟು ಜನರ ಕೆಲಸ ಒಬ್ಬಳ ತಲೆಗೆ ಬಂದಿದೆ. ಇನ್ನು ಟೊಮೇಟೊ ನಮ್ಮ ಪರಂಪರೆಯೇ ಅಲ್ಲ. ದಕ್ಷಿಣ ಅಮೆರಿಕದ ಗಿಡ, ಯುರೋಪಿನವರ ಹಡಗು ಹತ್ತಿ ಬಂದದ್ದು. ಧಾರವಾಡದ ಕಡೆಯ ನನ್ನ ಸೋದರತ್ತೆ ಅದಕ್ಕೆ ಕೊನೆಯವರೆಗೂ 'ಚಪ್ಪರಬದನೆ' ಎಂದೇ ಅಂದವರು. ನಮ್ಮ ಮನೆಯಲ್ಲಿ ಇಂದಿಗೂ ಶ್ರಾದ್ಧದ ಅಡುಗೆಗೆ ಟೊಮೇಟೊ ಸೇರುವುದಿಲ್ಲ. ಪಿತೃಗಳಿಗೆ ಬೇಡವಾದ ಹಣ್ಣನ್ನು ಪಿತೃಗಳ ಹೆಸರು ಹೇಳಿ ನನ್ನಿಂದ ಕುದಿಸಬೇಡಿ.

"ಹಾಗಾದರೆ ಕೊಳೆಯಲು ಬಿಡುತ್ತೀಯಾ?" ಎಂದು ಕೇಳುತ್ತೀರಿ. ಈ ಪ್ರಶ್ನೆಗೆ ಸ್ವಲ್ಪ ನಿಂತು ಉತ್ತರಿಸಬೇಕು.

ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲಿ ಒಂದು. ನನ್ನ ಓರಗಿತ್ತಿಯ ತವರು ಮುಳಬಾಗಿಲಿನ ಹತ್ತಿರ, ಟೊಮೇಟೊ ಬೆಳೆಯುವವರೇ. 2021ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ಕೊಯ್ಲಿನ ಕೂಲಿಯೂ ಹುಟ್ಟದೆ ಆ ಸೀಮೆಯ ರೈತರು ಹಣ್ಣನ್ನು ರಸ್ತೆ ಬದಿಗೆ ಸುರಿದರು. ಅದೇ ಕೋಲಾರದಲ್ಲಿ 2023ರ ಜುಲೈನಲ್ಲಿ 15 ಕಿಲೋ ಬಾಕ್ಸಿಗೆ 2,000 ರೂಪಾಯಿಗೂ ಮೇಲೆ ಹೋಯಿತು. ಸುಗ್ಗಿಯಲ್ಲಿ ಬಂದ ಹಣ್ಣನ್ನು ಕೂಡಿಟ್ಟು ಸುಗ್ಗಿಯಿಲ್ಲದಾಗ ಬಳಸುವುದು ಹೇಗೆಂದು 2018ರ ಕೇಂದ್ರ ಬಜೆಟ್ಟಿನಲ್ಲಿ ಟೊಮೇಟೊ, ಈರುಳ್ಳಿ, ಆಲೂಗಡ್ಡೆಗೆಂದೇ 500 ಕೋಟಿ ರೂಪಾಯಿಯ ಯೋಜನೆ ಹೊರಡಿಸಿದರು. ಐದು ವರ್ಷ ಕಳೆದ ಮೇಲೂ ಬೆಲೆ ಹೀಗೆ ಕುಣಿಯಿತು. 500 ಕೋಟಿಗೆ ಬಗ್ಗದ ಸಮಸ್ಯೆಯನ್ನು ಎರಡು ಬರ್ನರಿನ ಸ್ಟೋವಿನ ಮೇಲೆ ನಾನೊಬ್ಬಳು ಬಗೆಹರಿಸಬೇಕೆ? ರಸ್ತೆಗೆ ಸುರಿದ ರೈತನನ್ನು ಕಂಡು ನಾವು ಅಯ್ಯೋ ಪಾಪ ಅನ್ನುತ್ತೇವೆ, ಅನ್ನಲೇಬೇಕು. ಅದೇ ಒಬ್ಬ ಹೆಂಗಸಿನ ಮನೆಯಲ್ಲಿ ಒಂದು ಬುಟ್ಟಿ ಹಣ್ಣು ಕೊಳೆತರೆ "ಇಂಥ ಮನೆಗೆ ಲಕ್ಷ್ಮಿ ಹೇಗೆ ಬರ್ತಾಳೆ" ಎನ್ನುತ್ತೇವೆ.

ನಾನು ಕೈ ಚೆಲ್ಲಿ ಕೂತಿಲ್ಲ. ನನ್ನ ಜಗಳ ಹಣ್ಣಿನ ಮೇಲಲ್ಲ. ಒಲೆ ಹಚ್ಚದೆ ಆಗುವ ಕೆಲಸಗಳೇ ಬೇಕಾದಷ್ಟಿವೆ. ಹೊರಗೆ ಬಿಸಿಲು ಕೆಂಡ ಕಾರುತ್ತಿರುವಾಗ ನೀರು ಆರಿಸಲು ಸಿಲಿಂಡರ್ ಏಕೆ? ಗಟ್ಟಿ ಹಣ್ಣನ್ನು ಸೀಳಿ, ಬೀಜ ತೆಗೆದು, ಉಪ್ಪು ಸವರಿ, ತೆಳು ಬಟ್ಟೆ ಮುಚ್ಚಿ ತಾರಸಿಯ ಮೇಲೆ ಹರವಿದರೆ ಮೂರು ನಾಲ್ಕು ದಿನಕ್ಕೆ ಕಟಕಟ ಒಣಗುತ್ತದೆ. ಡಬ್ಬಿಗೆ ಹಾಕಿಟ್ಟರೆ ಮಳೆಗಾಲದ ಸಾರಿಗೆ ನಾಲ್ಕು ತುಂಡು ಸಾಕು. ಹೇಗೂ ಸಬ್ಬಕ್ಕಿ ಸಂಡಿಗೆ ಹಾಕುವವರು ನೀರಿನ ಬದಲು ಒಂದಿಷ್ಟು ಟೊಮೇಟೊ ರಸ ಹಾಕಿ, ಮಕ್ಕಳು ಕಿತ್ತಾಡಿ ತಿನ್ನುತ್ತಾರೆ. ಫ್ರೀಜರ್ ಇದ್ದರೆ ಹಣ್ಣನ್ನು ಇಡಿಯಾಗಿಯೇ ಒಳಗೆ ಹಾಕಿ. ಹೊರಗೆ ತೆಗೆದು ನಲ್ಲಿಯ ಕೆಳಗೆ ಹಿಡಿದರೆ ಸಿಪ್ಪೆ ತಾನೇ ಜಾರುತ್ತದೆ. ಆದರೆ ಸಾರಿಗಿಡುವ ಹಣ್ಣನ್ನು ಫ್ರಿಜ್ಜಿನ ಕೆಳಗಿನ ತಟ್ಟೆಗೆ ತುರುಕಬೇಡಿ, ಆ ತಂಪಿಗೆ ಅದರ ಘಮವೇ ಹೋಗುತ್ತದೆ. ಕಾಯಿ ಬಣ್ಣ ತಿರುಗಿದ ತಕ್ಷಣ ಕಿತ್ತು ನೆರಳಿನಲ್ಲಿಡಿ. ಗಿಡದ ಮೇಲೇ ಬಿಟ್ಟರೆ ಬೇಸಿಗೆಯ ಕಾವಿಗೆ ಕೆಂಪಾಗುವ ಬದಲು ಹಳದಿಗೇ ನಿಲ್ಲುತ್ತದೆ. ಹಸಿರು ಕಾಯಿಯ ಚಟ್ನಿಯಂತೂ ನನಗೆ ಹಣ್ಣಿನ ಗೊಜ್ಜಿಗಿಂತ ಇಷ್ಟ, ಕಾಯಲ್ಲಿಯೇ ಕಿತ್ತರೆ ಬುಟ್ಟಿಯೂ ಹಗುರ.

ಇಷ್ಟಾದ ಮೇಲೂ ಉಳಿದದ್ದನ್ನು ಗೊಬ್ಬರದ ಗುಂಡಿಗೆ ಹಾಕುತ್ತೇನೆ. ಯಾವ ಪಾಪಪ್ರಜ್ಞೆಯೂ ಇಲ್ಲದೆ. ಮಣ್ಣಿನಿಂದ ಬಂದದ್ದು ಮಣ್ಣಿಗೆ ಹೋದರೆ ನಷ್ಟ ಯಾರಿಗೆ?

ನಿಜವಾದ ಮದ್ದು ಇರುವುದು ನೆಡುವಾಗಲೇ. 24 ಗಿಡವನ್ನು ಒಂದೇ ದಿನ ನೆಟ್ಟರೆ ಒಂದೇ ವಾರ ಹಣ್ಣಾಗುತ್ತವೆ, ಅದಕ್ಕೆ ಬ್ರಹ್ಮವಿದ್ಯೆ ಬೇಕಿಲ್ಲ. ಆರಾರು ಗಿಡವನ್ನು ಇಪ್ಪತ್ತು ದಿನ ಬಿಟ್ಟು ಬಿಟ್ಟು ನೆಡಬಹುದು. ಅಕ್ಟೋಬರಿನಲ್ಲೇ ಶುರು ಮಾಡಬೇಕು, ತಡವಾದರೆ ಕಡುಬೇಸಿಗೆಯ ಸೆಕೆಗೆ ಹೂ ಉದುರಿ ಕಾಯಿಯೇ ಕಚ್ಚುವುದಿಲ್ಲ. ಇದನ್ನು ನಾನು ನಮ್ಮವರಿಗೆ ಮೂರು ವರ್ಷ ಹೇಳಿದೆ. "ನಿನಗೆ ತೋಟದ ವಿಷಯ ಗೊತ್ತಾಗಲ್ಲ" ಎಂದರು.

ಹೋದ ವರ್ಷ ಏಪ್ರಿಲ್‌ನಲ್ಲಿ ನನಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಲೆಯ ಹತ್ತಿರ ಸುಳಿಯಬಾರದು, ಬಗ್ಗಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಬುಟ್ಟಿ ಎರಡು ದಿನ ಕಟ್ಟೆಯ ಮೇಲೆ ಕೂತಿತ್ತು. ಮೂರನೆಯ ದಿನ ಗುಂಗಾಡು ಹುಳು ಹಾರತೊಡಗಿದಾಗ ನಮ್ಮವರು ಅಡುಗೆಮನೆಗೆ ಹೋದರು. ನಾನು ಕಪ್ಪು ಕನ್ನಡಕ ಹಾಕಿಕೊಂಡು ನಡುಮನೆಯಲ್ಲಿ ಮಲಗಿದ್ದೆ. ಒಂದು ತಾಸಾದ ಮೇಲೆ ಒಳಗಿನಿಂದ ದನಿ ಬಂತು.

"ಇದನ್ನ ಎಷ್ಟು ಹೊತ್ತು ತಿರುವಬೇಕೇ?"

"ಎಣ್ಣೆ ಮೇಲೆ ತೇಲೋವರೆಗೂ ರೀ."

"ಇನ್ನೂ ನೀರು ನೀರಾಗೇ ಇದೆಯಲ್ಲ!"

"ಇರುತ್ತೆ. ತಿರುವ್ತಾ ಇರಿ."

ಇನ್ನೊಂದು ತಾಸು ಮಾತಿಲ್ಲ. ನಡುವೆ ಎರಡು ಸಲ "ಹಾ" ಎಂದದ್ದು ಕೇಳಿಸಿತು. ಆಮೇಲೆ ಅವರು ಹೊರಬಂದು ಮುಂಗೈಗೆ ಬರ್ನಾಲ್ ಹಚ್ಚಿಕೊಳ್ಳುತ್ತಾ ಕುರ್ಚಿಯ ಮೇಲೆ ಕೂತರು. ತೊಕ್ಕು ಚೆನ್ನಾಗಿಯೇ ಆಗಿತ್ತು, ಉಪ್ಪು ಕೊಂಚ ಮುಂದು. ಅರ್ಧ ಜಾಡಿಯೂ ತುಂಬಿರಲಿಲ್ಲ. ಆ ಜಾಡಿಯನ್ನು ಅವರು ಬಂದವರಿಗೆಲ್ಲ ತೋರಿಸಿದರೇ ಹೊರತು ಯಾರಿಗೂ ಹಂಚಲಿಲ್ಲ.

ಈ ಸಲ ನರ್ಸರಿಯಿಂದ ತಂದದ್ದು ಎಂಟೇ ಸಸಿ. ನಾಲ್ಕು ಈಗ, ನಾಲ್ಕು ಇಪ್ಪತ್ತು ದಿನ ಬಿಟ್ಟು. ನಾನು ಏನೂ ಹೇಳಿರಲಿಲ್ಲ. ಮಿಕ್ಕ ಜಾಗಕ್ಕೆ ಏನು ಹಾಕೋಣ ಎಂದು ಕೇಳಿದರು. ಮಲ್ಲಿಗೆ ಹಾಕಿ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಬಿಡಿಸೋದು ನಾನು, ಸರಿ. ಕಟ್ಟೋದು ಯಾರು?" ಎಂದು ಅವರೇ ಕೇಳಿದರು.