ಓಲೆ ಇಲ್ಲದ ದನಕ್ಕೆ ಡಾಕ್ಟ್ರ ಸಹಿ

‘ದನದ ಡಾಕ್ಟ್ರು ಕರೆದರೆ ಬರುವುದಿಲ್ಲ’ – ಹಾಲಿನ ಸೊಸೈಟಿಯಲ್ಲಿ ದಿನಾ ಕೇಳುವ ದೂರು. 5,000 ಜಾನುವಾರಿಗೊಬ್ಬ ವೈದ್ಯರು ಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ ಹೇಳಿತ್ತು. ನಮ್ಮಲ್ಲಿ ಒಬ್ಬರೇ ಎರಡು ಆಸ್ಪತ್ರೆ ನೋಡಿಕೊಳ್ಳುತ್ತಾರೆ. ಎಲ್ಲಿಗೆಂದು ಓಡಿಯಾರು?

ಅದಕ್ಕಿಂತ ದೊಡ್ಡ ತಲೆನೋವು ವಿಮೆಯದ್ದು. ದನ ಸತ್ತರೆ ಮರಣೋತ್ತರ ಪರೀಕ್ಷೆ ಮಾಡಿ ಸಹಿ ಹಾಕಬೇಕಾದವರು ಅವರು. ಕಿವಿಯೋಲೆ ಇಲ್ಲದಿದ್ದರೆ ಕಂಪೆನಿ ಹಣ ಕೊಡುವುದಿಲ್ಲ. ಆಗ ‘ಓಲೆ ಇತ್ತು ಅಂತ ಬರೆದುಬಿಡಿ ಸಾರ್’ ಎಂಬ ಒತ್ತಾಯ. ಮುಖಂಡರ ಫೋನು ಬೇರೆ! ಬರೆದರೆ ಅದು ಸುಳ್ಳು ದಾಖಲೆ. ವಿಚಾರಣೆ, ಅಮಾನತು, ಕೇಸು ಎಲ್ಲ ಅವರೊಬ್ಬರ ತಲೆಗೆ. ವೈದ್ಯರಾಗಿ ನೋಂದಣಿಗೂ ಕುತ್ತು. ಬರೆಯದಿದ್ದರೆ ಊರಿಗೇ ಕೆಟ್ಟವರು.

ಕರೆಯುವ ದನ ಕಳಕೊಂಡವನ ಸಂಕಟ ದೊಡ್ಡದೇ. ಆದರೆ ಅದನ್ನು ಡಾಕ್ಟ್ರ ಪೆನ್ನಿನ ತುದಿಯಲ್ಲಿ ಪರಿಹರಿಸಹೊರಟರೆ ನಾಳೆ ನಮ್ಮ ಹಟ್ಟಿಗೆ ಬರುವವರು ಯಾರು?

ಬೇಲಿಗೆ ಸಿಕ್ಕಿ ಓಲೆ ಹರಿಯುವುದು ಹೊಸತಲ್ಲ. ಬಿದ್ದದ್ದು ಗೊತ್ತಾದ ಕೂಡಲೇ ಕಂಪೆನಿಗೆ ಬರೆದು ತಿಳಿಸಿ, ಹೊಸತು ಹಾಕಿಸಿ. ಹೊಸ ನಂಬರು ಪಾಲಿಸಿಗೆ ಸೇರಿದ ಕಾಗದ ಕೇಳಿ ಪಡೆಯಿರಿ. ದನ ಸತ್ತರೆ ಕಂಪೆನಿಗೂ ಡಾಕ್ಟ್ರಿಗೂ ಒಟ್ಟಿಗೇ ಸುದ್ದಿ ಮುಟ್ಟಿಸಿ; ಪರೀಕ್ಷೆ ಆಗುವ ತನಕ ಹೂಳಬೇಡಿ.