ಕೈ ಕುಲುಕಿಸಿದ್ರೆ ಮುಗೀತಾ ಮೇಷ್ಟ್ರೇ?

ಹೋದ ತಿಂಗಳು ನಮ್ಮ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ಹೋಗಿದ್ದೆ. ಊರಿನ ಹೆಸರು, ಮಗುವಿನ ಹೆಸರು ಬರೆಯಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಆರನೇ ಕ್ಲಾಸಿನ ಹುಡುಗಿ, ನಮ್ಮ ಕೇರಿಯವಳು. ಬಾಯಾರಿಕೆಯಾಯ್ತು ಅಂತ ಪಕ್ಕದಲ್ಲಿ ಕೂತ ಗೆಳತಿಯ ಬಾಟಲಿ ತಗೊಂಡು ನೀರು ಕುಡಿದಿದ್ದಾಳೆ. ಆ ಗೆಳತಿ "ನಮ್ಮಮ್ಮ ಬೈತಾಳೆ" ಅಂತ ಉಳಿದ ನೀರನ್ನ ಕಿಟಕಿಯಿಂದ ಚೆಲ್ಲಿ ಬೇರೆ ಬೆಂಚಿಗೆ ಹೋಗಿದ್ದಾಳೆ. ಮಾರನೇ ದಿನದಿಂದ ಆ ಬೆಂಚಲ್ಲಿ ನಮ್ಮ ಹುಡುಗಿ ಒಬ್ಬಳೇ. ಎರಡು ದಿನ ಬಿಟ್ಟು ಯಾರೋ ಜಾತಿ ಹೆಸರು ಹಿಡಿದು ಅಣಕಿಸಿದ್ದಾರೆ, ಇವಳು ಆ ಗೆಳತಿಯ ಜಡೆ ಹಿಡಿದು ಎಳೆದಿದ್ದಾಳೆ. ಮೇಷ್ಟ್ರು ಇಬ್ಬರನ್ನೂ ಮುಂದೆ ನಿಲ್ಲಿಸಿ, ಇಬ್ಬರ ಕೈಲೂ ಸಾರಿ ಹೇಳಿಸಿ, ಕೈ ಕುಲುಕಿಸಿ, ಉಳಿದ ಮಕ್ಕಳಿಂದ ಚಪ್ಪಾಳೆ ಹೊಡೆಸಿದ್ದಾರೆ. ಅಲ್ಲಿಗೆ ಕೇಸ್ ಖುಲಾಸೆ.

ಅವತ್ತಿಂದ ಆ ಹುಡುಗಿ ಶಾಲೆಯಲ್ಲಿ ನೀರೇ ಕುಡೀತಿಲ್ಲ. ಗಮನಿಸಿದ್ದು ಅವರಮ್ಮ. ಬೆಳಿಗ್ಗೆ ತುಂಬಿಸಿ ಕೊಟ್ಟ ಬಾಟಲಿ ಸಂಜೆ ಹಾಗೇ ತುಂಬಿಕೊಂಡು ವಾಪಸ್ ಬರ್ತಿತ್ತಂತೆ.

ಹೆಡ್ ಮೇಷ್ಟ್ರು ಕೆಟ್ಟೋರಲ್ಲ. "ನೋಡಿ ಸಾರ್, ಮಕ್ಕಳಿಗೆ ಜಾತಿ ಗೊತ್ತಿರಲ್ಲ. ದೊಡ್ಡೋರು ನಾವು ಅದನ್ನ ಅವರ ತಲೆಗೆ ತುಂಬಬಾರದು" ಅಂದ್ರು. ಜಾತಿ ಗೊತ್ತಿಲ್ಲದ ಮಗು ನೀರು ಯಾಕೆ ಚೆಲ್ತು ಸಾರ್ ಅಂತ ಕೇಳಿದೆ. ಉತ್ತರ ಬರಲಿಲ್ಲ.

ಗೆಳೆಯರೇ, ಇಬ್ಬರ ಕೈಲೂ ಸಾರಿ ಹೇಳಿಸೋದು ನ್ಯಾಯದ ಹಾಗೆ ಕಾಣುತ್ತೆ. ಜಡೆ ಎಳೆದದ್ದು ತಪ್ಪು, ಅದಕ್ಕೆ ಸಾರಿ ಕೇಳಿಸಲಿ, ನಂದೇನೂ ತಕರಾರಿಲ್ಲ. ಆದರೆ ನೀರು ಚೆಲ್ಲಿದ್ದರ ಬಗ್ಗೆ ಆ ಕ್ಲಾಸಲ್ಲಿ ಯಾರೂ ಒಂದು ಮಾತು ಆಡಲಿಲ್ಲ. ಚಪ್ಪಾಳೆ ಹೊಡೆದ ಅಷ್ಟೂ ಮಕ್ಕಳು ಅವತ್ತು ಕಲಿತದ್ದು ಇದು: ಮುಟ್ಟಿಸಿಕೊಳ್ಳದೇ ಇದ್ರೆ ತಪ್ಪಲ್ಲ, ಅದಕ್ಕೆ ಸಿಟ್ಟು ಮಾಡ್ಕೊಂಡ್ರೆ ತಪ್ಪು. ಊರಲ್ಲಿ ಪಂಚಾಯ್ತಿ ಕಟ್ಟೆ ಮೇಲೆ ನಮಗೆ ತಲೆತಲಾಂತರದಿಂದ ಮಾಡಿಸಿದ ರಾಜಿ ಇದೇ ಅಲ್ವಾ?

ಬಾಬಾಸಾಹೇಬರು ಸಾತಾರದ ಶಾಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂರಬೇಕಿತ್ತು. ಜವಾನ ಬಂದು ನಲ್ಲಿ ತಿರುಗಿಸಿದ್ರೆ ಮಾತ್ರ ನೀರು, ಅವನು ಬರದ ದಿನ ನೀರಿಲ್ಲ. ಇವತ್ತು ಗೋಣಿತಟ್ಟು ಹೋಗಿ ಬೆಂಚು ಬಂದಿದೆ. ಮಾಲೂರು ತಾಲ್ಲೂಕಿನ ವಸತಿ ಶಾಲೆಯಲ್ಲಿ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿದ್ದು 2023ರ ಡಿಸೆಂಬರಲ್ಲಿ ಬಯಲಾದಾಗ ಅಮಾನತು ಆಯ್ತು, ಬಂಧನ ಆಯ್ತು, ಟಿವಿಯಲ್ಲೂ ಬಂತು. ಆದರೆ ಖಾಲಿ ಬಿಟ್ಟ ಬೆಂಚು, ಚೆಲ್ಲಿದ ನೀರು ಯಾವ ಟಿವಿಯಲ್ಲೂ ಬರಲ್ಲ. ಅದು "ಮಕ್ಕಳ ಜಗಳ".

ಮಕ್ಕಳಿಗೆ ಜಾತಿ ಕಲಿಸೋದು ಮನೆ ಮಾತ್ರ ಅಂತಾರೆ. ಶಾಲೆ ಕಲಿಸಲ್ವಾ? "ಎಸ್ಸಿ ಮಕ್ಕಳೆಲ್ಲ ಎದ್ದು ನಿಲ್ಲಿ, ಜಾತಿ ಸರ್ಟಿಫಿಕೇಟಿನ ಆರ್.ಡಿ. ನಂಬರ್ ಯಾರು ತಂದಿಲ್ಲ?" ಸ್ಕಾಲರ್‌ಶಿಪ್ ಅರ್ಜಿ ಬಂದಾಗ ಕೇಳುವ ಈ ಮಾತು ನಿಮ್ಮಲ್ಲಿ ಎಷ್ಟು ಜನ ಕೇಳಿಲ್ಲ ಹೇಳಿ. ನಾನು ಕೇಳಿದ್ದೀನಿ, ಎದ್ದು ನಿಂತಿದ್ದೀನಿ. ಕೂತವರು ನಿಂತವರನ್ನ ಎಣಿಸ್ತಿದ್ರು. ನಾನು ಗುಮಾಸ್ತ, ಪಟ್ಟಿ ಮಾಡೋದು ನನ್ನ ದಿನದ ಕೆಲಸ. ತಂದೆತಾಯಿಗೆ ಒಂದು ಫೋನ್ ಮಾಡಿದ್ರೂ ಆ ಮಾಹಿತಿ ಸಿಗುತ್ತೆ. ಮಗುವನ್ನ ಎದ್ದು ನಿಲ್ಲಿಸಬೇಕಾಗಿಲ್ಲ.

ತಮಿಳುನಾಡಿನ ನಾಂಗುನೇರಿಯಲ್ಲಿ 2023ರ ಆಗಸ್ಟಲ್ಲಿ ದಲಿತ ವಿದ್ಯಾರ್ಥಿಯನ್ನೂ ಅವನ ತಂಗಿಯನ್ನೂ ಸಹಪಾಠಿಗಳೇ ಮನೆಗೆ ನುಗ್ಗಿ ಕತ್ತಿಯಿಂದ ಕಡಿದರು. ಆಮೇಲೆ ಅಲ್ಲಿನ ಸರ್ಕಾರ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಸಮಿತಿ ಮಾಡ್ತು, 2024ರ ಜೂನಲ್ಲಿ ವರದಿ ಬಂತು. ಮಕ್ಕಳು ಜಾತಿ ತೋರಿಸೋ ಬಣ್ಣದ ದಾರ ಕಟ್ಟಬಾರದು, ಹಾಜರಿ ಪುಸ್ತಕದಲ್ಲಿ ಜಾತಿ ಇರಬಾರದು, ಅಕ್ಷರಮಾಲೆ ಪ್ರಕಾರ ಕೂರಿಸಬೇಕು ಅಂತೆಲ್ಲ ಅದರಲ್ಲಿದೆ. ಕತ್ತಿ ಬರೋವರೆಗೆ ನಾವು ಕಾಯಬೇಕಾ? ನಮ್ಮಲ್ಲಿ 2023ರಿಂದ ಶಾಲೆಗಳಲ್ಲಿ ಸಂವಿಧಾನ ಪೀಠಿಕೆ ಓದಿಸ್ತಾರೆ, ಸಂತೋಷ. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಭ್ರಾತೃತ್ವ ಅಂದ ಬಾಯಿ ಮಧ್ಯಾಹ್ನ ಬಿಸಿಯೂಟಕ್ಕೆ ಯಾರ ಪಕ್ಕ ಕೂರುತ್ತೆ ಅಂತಲೂ ಮೇಷ್ಟ್ರು ನೋಡಬೇಕು.

ಶಾಲೆ ಮಾಡಬೇಕಾದ್ದು ದೊಡ್ಡದೇನಲ್ಲ. ಇಬ್ಬರನ್ನೂ ಎದುರುಬದುರು ನಿಲ್ಲಿಸೋ ಮೊದಲು ಬೇರೆ ಬೇರೆ ಕೂರಿಸಿ ಕೇಳಿ. ನಡೆದದ್ದಕ್ಕೆ ಅದರ ಹೆಸರೇ ಇಡಿ. ಅಸ್ಪೃಶ್ಯತೆ ಅನ್ನೋ ಪದ ಪಾಠಕ್ಕೆ ಬಂದ್ರೆ ಪರವಾಗಿಲ್ಲ, ಬೆಂಚಿಗೆ ಬಂದ್ರೆ ಮುಚ್ಚಿಡಬೇಕಾ? ಕೂರೋ ಜಾಗ, ಊಟದ ಸಾಲು, ಕಸ ಗುಡಿಸೋ ಪಾಳಿ ವಾರವಾರ ಬದಲಾಗಲಿ, ಗೋಡೆ ಮೇಲೆ ಬರೆದು ಹಾಕಲಿ. ನೀರು ಚೆಲ್ಲಿದ ಮಗುವಿನ ಮನೆಗೂ ಮೇಷ್ಟ್ರು ಹೋಗಲಿ. ಎಲ್ಲಕ್ಕಿಂತ ಮುಖ್ಯ, ಪುಸ್ತಕದಲ್ಲಿ ಬರೀಲಿ. ಬರೆಯದೇ ಇದ್ದದ್ದು ನಡೆದೇ ಇಲ್ಲ, ಕಚೇರಿಯಲ್ಲಿ ಇಪ್ಪತ್ತು ವರ್ಷ ಕೂತು ನಾನು ಕಲಿತದ್ದು ಇದು. ದುರ್ಬಲ ವರ್ಗದ ಮಗುವಿಗೆ ಶಾಲೆಯಲ್ಲಿ ತಾರತಮ್ಯ ಆಗದ ಹಾಗೆ ನೋಡ್ಕೊಳ್ಳೋದು ಸರ್ಕಾರದ ಕರ್ತವ್ಯ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 8ನೇ ಸೆಕ್ಷನ್ನೇ ಹೇಳುತ್ತೆ. ಇದು ಮೇಷ್ಟ್ರ ದೊಡ್ಡ ಮನಸ್ಸಿನ ಪ್ರಶ್ನೆ ಅಲ್ಲ.

ಈಗ ನಮ್ಮ ವಿಷಯ. ಬೈದ್ರೂ ಪರವಾಗಿಲ್ಲ, ಹೇಳ್ತೀನಿ. ನಮ್ಮವರೇ ಒಬ್ಬರು ಆ ಹುಡುಗಿಯ ಮಾತು ವಿಡಿಯೋ ಮಾಡ್ಕೊಂಡು ಗ್ರೂಪಿಗೆ ಹಾಕಿದ್ರು. ಆ ಗೆಳತಿ ಮೇಲೇ ಅಟ್ರಾಸಿಟಿ ಕೇಸ್ ಹಾಕೋಣ ಅಂದವರೂ ಇದ್ದಾರೆ. ಆ ಮಗುವಿಗೂ ಹನ್ನೊಂದೇ ವರ್ಷ ಸ್ವಾಮಿ, ಮನೆಯಲ್ಲಿ ಉಣಿಸಿದ್ದನ್ನ ಅದು ಕಕ್ಕಿದೆ. ಕೇಳಬೇಕಾದ್ದು ಗೊತ್ತಿದ್ದೂ ಮುಚ್ಚಿಟ್ಟ ದೊಡ್ಡವರನ್ನ. ನಮ್ಮ ಹುಡುಗಿ ನನ್ನ ಕೇಳಿದ್ದು ಒಂದೇ ಪ್ರಶ್ನೆ: "ಮಾಮ, ಆ ವಿಡಿಯೋನ ನಮ್ಮ ಕ್ಲಾಸಿನವರೂ ನೋಡ್ತಾರಾ?" ಅವತ್ತೇ ತೆಗೆಸಿದೆ. ಅವಳು ನಾಳೆನೂ ಅದೇ ಶಾಲೆಗೆ ಹೋಗಬೇಕು. ಅದಕ್ಕೇ ಹೆಸರು ಬರೆದಿಲ್ಲ.

ಹೆಡ್ ಮೇಷ್ಟ್ರು ಎಸ್‌ಡಿಎಂಸಿ ಸಭೆ ಕರೆದ್ರು, ನಡಾವಳಿ ಪುಸ್ತಕದಲ್ಲಿ ಬರೆಸಿದ್ದೀವಿ, ಬೆಂಚು ಬದಲಾಗ್ತಿದೆ. ನೀವೂ ಈ ವಾರ ನಿಮ್ಮೂರ ಶಾಲೆಗೆ ಊಟದ ಹೊತ್ತಿಗೆ ಹೋಗಿ, ಯಾರು ಎಲ್ಲಿ ಕೂತಿದ್ದಾರೆ ಸುಮ್ಮನೆ ನೋಡಿ. ಎಸ್‌ಡಿಎಂಸಿಯಲ್ಲಿ ನಮ್ಮ ಕೇರಿಯವರು ಇದ್ದಾರಾ, ಇಲ್ಲಾ ಸಹಿಗೆ ಮಾತ್ರ ಕರೀತಾರಾ ಕೇಳಿ.

ನಿನ್ನೆ ಅವರಮ್ಮ ಫೋನ್ ಮಾಡಿದ್ರು. ಬಾಟಲಿ ಈಗ ಅರ್ಧ ಖಾಲಿಯಾಗಿ ಬರ್ತಿದೆಯಂತೆ. ಪೂರ್ತಿ ಖಾಲಿಯಾಗೋವರೆಗೆ ನಾನು ಆ ಶಾಲೆಗೆ ಹೋಗ್ತಾ ಇರ್ತೀನಿ.

ಜೈಭೀಮ್.